ತೋಟ ಅಡ ಇಡಬೇಡಿ, ಚಿಕ್ಕಪ್ಪ

ನ್ಯೂಜೆರ್ಸಿ, ಏಪ್ರಿಲ್ 2

ಚಿಕ್ಕಪ್ಪ, ಚಿಕ್ಕಮ್ಮನಿಗೆ ನಮಸ್ಕಾರಗಳು. ನಾವೆಲ್ಲ ಕ್ಷೇಮ. ನಿಮ್ಮ ಕಾಗದ ಶನಿವಾರ ಬಂತು.

ಮೊದಲು ತೋಟದ ಮಾತು. ಜೈಲಿನಲ್ಲಿರುವ ತಮ್ಮನ ಅಪೀಲಿನ ಖರ್ಚಿಗೆಂದು ಅಡ ಇಡುತ್ತೇನೆ ಎಂದು ಬರೆದಿದ್ದೀರಿ. ದಯವಿಟ್ಟು ಇಡಬೇಡಿ. ಅಪೀಲಿಗೆ ಕೋರ್ಟ್ ಶುಲ್ಕ 605 ಡಾಲರ್. ಅದರ ಮಾಫಿಗೂ ತಮ್ಮನೇ ಅರ್ಜಿ ಹಾಕಬಹುದು. ಜೈಲಿನ ಖಾತೆಯ ಆರು ತಿಂಗಳ ಲೆಕ್ಕವನ್ನು ಅಲ್ಲಿನ ಅಧಿಕಾರಿಯಿಂದ ದೃಢೀಕರಿಸಿ ಜೊತೆಗಿಡಬೇಕು.

ಕಣ್ಣಿಡಬೇಕಾದದ್ದು ತಾರೀಖಿನ ಮೇಲೆ. ಶಿಕ್ಷೆಯನ್ನು ರದ್ದು ಮಾಡಿ ಇಲ್ಲವೇ ತಿದ್ದಿ ಎಂದು ಶಿಕ್ಷೆ ಕೊಟ್ಟ ಫೆಡರಲ್ ಕೋರ್ಟನ್ನೇ ಕೇಳುವ ಅವನ 2255 ಅರ್ಜಿ ವಜಾ ಆದ ಆದೇಶ ದಾಖಲಾದದ್ದು ಮಾರ್ಚ್ 10ಕ್ಕೆ. ಅದರ ಮೇಲೆ ಅಪೀಲಿಗೆ 60 ದಿನ, ಎಂದರೆ ಮೇ 9ರವರೆಗೆ. ಶಿಕ್ಷೆಯ ಮೇಲಿನ ಅಪೀಲಿಗೆ 14 ದಿನವಿತ್ತಲ್ಲ, ಅದನ್ನೇ ನೆನೆದು ಗಡುವು ಮುಗಿಯಿತೆಂದು ಗಾಬರಿಯಾಗಿದ್ದೀರಿ. ಇದಕ್ಕೆ ಸಿವಿಲ್ ಮೊಕದ್ದಮೆಗಳ ಗಡುವಿನ ಲೆಕ್ಕ. ಹಾಗೆಂದು ಕೊನೆಯ ದಿನದವರೆಗೆ ಕೂರುವಂತಿಲ್ಲ. ಬೌಲ್ಸ್ ಎಂಬ ಕೈದಿಗೆ, ಮುಗಿದ ಗಡುವನ್ನು ಮತ್ತೆ ತೆರೆದಾಗ ಸಿಗುವ 14 ದಿನದ ಬದಲು 17 ದಿನ ಎಂದು ಜಡ್ಜೇ ತಪ್ಪಾಗಿ ಬರೆದುಕೊಟ್ಟಿದ್ದರು. ಅವನು 16ನೇ ದಿನ ಸಲ್ಲಿಸಿದ. ತಡವಾಯಿತು, ಅಪೀಲು ನಿಲ್ಲದು ಎಂದು 2007ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟೇ ಹೇಳಿಬಿಟ್ಟಿತು.

ಇಲ್ಲಿಯದೊಂದು ಒಳ್ಳೆಯ ನಿಯಮವಿದೆ, ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಅಪೀಲು ಮಾಡುತ್ತೇನೆಂದು ತಿಳಿಸುವ ನೋಟಿಸನ್ನು ಕೈದಿ ಜೈಲಿನ ಟಪಾಲಿಗೆ ಕೊಟ್ಟ ದಿನವೇ ಕೋರ್ಟಿಗೆ ಕೊಟ್ಟಂತೆ. ಕಾನೂನು ಟಪಾಲಿಗೆ ಬೇರೆ ವ್ಯವಸ್ಥೆ ಇದ್ದರೆ ಅದರಲ್ಲೇ ಹಾಕಬೇಕು. ಯಾವ ದಿನ ಕೊಟ್ಟೆ, ಅಂಚೆ ವೆಚ್ಚ ಕಟ್ಟಿದೆ ಎಂದು ಸುಳ್ಳುಸಾಕ್ಷಿಯ ಶಿಕ್ಷೆಗೆ ಒಳಪಟ್ಟು ಬರೆದ ಹೇಳಿಕೆಯೂ ಅವನ ಸಹಿಯೂ ಒಳಗಿರಲಿ. ಲಕೋಟೆ ಹೋಗಬೇಕಾದ್ದು ಅರ್ಜಿ ವಜಾ ಮಾಡಿದ ಜಿಲ್ಲಾ ಕೋರ್ಟಿನ ಕ್ಲರ್ಕಿಗೆ, ಮೇಲಿನ ಕೋರ್ಟಿಗಲ್ಲ. ನೀವು ಪವರ್ ಆಫ್ ಅಟಾರ್ನಿ ಮಾಡಿಸಿ ಅವನ ಪರವಾಗಿ ಸಹಿ ಹಾಕಲು ಬರುವುದಿಲ್ಲ. ಅವನದ್ದಿರಬೇಕು, ಇಲ್ಲವೇ ವಕೀಲರದ್ದು.

ನಿಜವಾದ ಕಷ್ಟ ಇನ್ನೊಂದಿದೆ. ನೋಟಿಸ್ ಹಾಕಿದ ಮಾತ್ರಕ್ಕೆ ಅಪೀಲು ವಿಚಾರಣೆಗೆ ಬರುವುದಿಲ್ಲ. 'ಸರ್ಟಿಫಿಕೇಟ್ ಆಫ್ ಅಪೀಲಬಿಲಿಟಿ' ಎಂಬ ಅನುಮತಿ ಬೇಕು. ಜಿಲ್ಲಾ ಜಡ್ಜ್ ವಜಾ ಆದೇಶದಲ್ಲೇ ಅದನ್ನು ನಿರಾಕರಿಸಿದ್ದಾರೆ. ನಿರಾಕರಣೆಯನ್ನು ಮರುಪರಿಶೀಲಿಸಿ ಎಂದು ಅವರನ್ನೇ ಕೇಳುತ್ತ ಕೂತರೆ 60 ದಿನ ಓಡುತ್ತಲೇ ಇರುತ್ತದೆ. ನೇರ ಮೇಲಿನ ಕೋರ್ಟನ್ನೇ ಕೇಳಬೇಕು.

ಅಲ್ಲಿ ಗೆದ್ದೇ ಗೆಲ್ಲುತ್ತೇನೆಂದು ತೋರಿಸಬೇಕಿಲ್ಲ. ತಿಳಿದ ನ್ಯಾಯಾಧೀಶರು ಈ ತೀರ್ಪನ್ನು ಚರ್ಚೆಗೆ ಯೋಗ್ಯ ಎನ್ನಬಹುದು ಎಂದು ತೋರಿಸಿದರೆ ಸಾಕು, ಆದರೆ ಅದು ಸಂವಿಧಾನದ ಹಕ್ಕಿನ ಪ್ರಶ್ನೆಯಾಗಿರಬೇಕು. ತಮ್ಮನಿಗೆ ಅಂಥದ್ದೊಂದಿದೆ: ತಪ್ಪೊಪ್ಪಿಕೊಂಡರೆ ಶಿಕ್ಷೆ ಕಡಿಮೆ ಎಂಬ ಸರ್ಕಾರದ ಪ್ಲೀ ಆಫರನ್ನು ಅವನ ವಕೀಲ ಅವನಿಗೆ ತಿಳಿಸಲೇ ಇಲ್ಲ. ಅದು ವಕೀಲರ ಸರಿಯಾದ ನೆರವು ಪಡೆಯುವ ಆರನೇ ತಿದ್ದುಪಡಿಯ ಹಕ್ಕಿನ ಉಲ್ಲಂಘನೆ ಆಗಬಲ್ಲದು ಎಂದು ಸುಪ್ರೀಂ ಕೋರ್ಟಿನ 2012ರ ಫ್ರೈ ತೀರ್ಪಿದೆ. ತಿಳಿಸಿದ್ದರೆ ಒಪ್ಪುತ್ತಿದ್ದ, ಶಿಕ್ಷೆ ಕಡಿಮೆಯಾಗುತ್ತಿತ್ತು ಎಂದೂ ತೋರಿಸಬೇಕು. ಸಾಕ್ಷಿ ವಿಚಾರಣೆಯೇ ಇಲ್ಲದೆ ವಜಾ ಮಾಡಿದ್ದನ್ನೂ ಎತ್ತಲಿ. ಇವೆರಡೇ ಸಾಕು. ಮನೆಯವರ ಸಂಕಟ, ಮೊದಲು ಹೇಳದ ಹೊಸ ದೂರುಗಳು ಎಲ್ಲ ತುಂಬಿದರೆ ಗಟ್ಟಿ ಮಾತು ಮುಳುಗುತ್ತದೆ.

ಚಿಂತೆ ಮಾಡಬೇಡಿ, ಖಂಡಿತ ಮಾಡಬೇಡಿ. ದಿನ ಇನ್ನೂ 37 ಇವೆ, ಕಾಗದ ಸಿದ್ಧವಾಗುತ್ತಿದೆ, ಅವನೂ ಆರೋಗ್ಯವಾಗಿದ್ದಾನೆ. ಮೇಲಿನ ಕೋರ್ಟ್ ಅನುಮತಿ ಕೊಡದಿದ್ದರೂ ಸುಪ್ರೀಂ ಕೋರ್ಟಿಗೆ ಬರೆಯಲು 90 ದಿನವಿದೆ. ಚಿಕ್ಕಮ್ಮ ಬಿ.ಪಿ. ಮಾತ್ರೆ ಬಿಡದಿರಲಿ. ಬ್ಯಾಂಕಿನವರಿಗೆ ಇವತ್ತೇ ಬೇಡ ಎಂದುಬಿಡಿ. ಟಪಾಲಿನ ಹೊತ್ತಾಯಿತು, ಉಳಿದದ್ದು ಭಾನುವಾರ ಫೋನಿನಲ್ಲಿ.

ನಿಮ್ಮ
ಪುಟ್ಟಿ