ಯಾರೂ ಕರೆಯದೇ ಹೋದರೆ ಅಂತ ಕೇಳಿದ್ದೀಯಲ್ಲ

ಮೈಸೂರು
14-12-2025

ಚಿ. ಸೌ. ಸುಮಾಳಿಗೆ ಮಾವನ ಆಶೀರ್ವಾದಗಳು.

ಮನೆ ಸಮಾಚಾರ ಅಕ್ಕ ಫೋನಲ್ಲಿ ಹೇಳಿರುತ್ತಾಳೆ, ಅದು ಬಿಡು. ನಿನ್ನ ಮೇಲ್‌ನ ಕೊನೆಯ ಸಾಲು ಓದಿದ ಮೇಲೆ ನನಗೆ ಸಮಾಧಾನವೇ ಇಲ್ಲ. "ನಿಖಿಲ ಪೋರ್ಟಲ್‌ಗೆ ಹೆಸರು ಕೊಟ್ಟು, ಯಾರೂ ಕರೆಯದೇ ಹೋದರೆ ಏನು ಗತಿ ಮಾವ?"

ಕಾಲೇಜು ಬದಲಿಸಬೇಕು ಅನ್ನೋ ಆಟಗಾರರು ಹೆಸರು ಕೊಡುವ ಆನ್‌ಲೈನ್ ಪಟ್ಟಿಯಂತೆ ಈ ಪೋರ್ಟಲ್, ಅದನ್ನು ನೋಡಿ ಬೇರೆ ಕಾಲೇಜಿನ ಕೋಚ್‌ಗಳು ಕರೆಯಬೇಕಂತೆ. ನಿನ್ನ ಮಗ ವಿಡಿಯೋ ಕಾಲಲ್ಲಿ ಇದನ್ನೆಲ್ಲ ವಿವರಿಸಿದಾಗ ನನಗೆ ಖುಷಿಯೇ ಆಗಿತ್ತು ಕಣೆ. ಮೊದಲೆಲ್ಲ ನಿಮ್ಮ ಅಮೆರಿಕದಲ್ಲಿ, ಅಲ್ಲಿನ ಫುಟ್‌ಬಾಲ್ ಆಡುವ ಹುಡುಗ ಕಾಲೇಜು ಬದಲಿಸಿದರೆ ಒಂದು ವರ್ಷ ಸುಮ್ನೆ ಕೂರಬೇಕಿತ್ತು. 2018ರಲ್ಲಿ ಈ ಪೋರ್ಟಲ್ ಬಂತು. 2021ರಿಂದ ಒಂದು ಸಲ ಕೂರದೆ ಹೋಗಬಹುದು ಅಂದರು. 2024ರಿಂದ ಓದು ಸರಿಯಾಗಿದ್ದರೆ ಎಷ್ಟು ಸಲ ಬೇಕಾದರೂ ಹೋಗಬಹುದು. ದುಡ್ಡೂ ಅಷ್ಟೇ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಫೋಟೋ ಜಾಹೀರಾತಿಗೆ ಕೊಟ್ಟು ಸಂಪಾದಿಸಬಹುದು, ಈ ವರ್ಷದ ಜುಲೈಯಿಂದ ಕಾಲೇಜೇ ನೇರವಾಗಿ ಕೊಡಬಹುದು. ಒಂದು ಕಾಲೇಜಿಗೆ ವರ್ಷಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ ಅಂತೆ! ಕೊಡಲಿ. ಟಿವಿಯವರಿಂದ ಅಷ್ಟೊಂದು ಎಣಿಸಿಕೊಂಡು, ಮೈಕೈ ಮುರಿದುಕೊಳ್ಳುವ ಹುಡುಗರಿಗೆ ಫೀಸು, ಊಟ, ರೂಮು ಸಾಕು ಅಂತ ಬಹಳ ವರ್ಷ ನಡೆಸಿದರು.

ಆದರೆ ಆ ದುಡ್ಡಿನ ದೊಡ್ಡ ಪಾಲು ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನಂಥವರಿಗೆ. ನಮ್ಮವನು ಚೆಂಡು ಒದೆಯಲಷ್ಟೇ ಬರುವ ಕಿಕ್ಕರ್. ಅದೂ ಎರಡನೆಯವನು.

ಅದಕ್ಕೇ ನಿನ್ನ ಭಯ ಸುಳ್ಳಲ್ಲ. ಹೆಸರು ಕೊಟ್ಟರೆ ಆ ಟರ್ಮ್ ಮುಗಿದ ಮೇಲೆ ಹಳೇ ಕಾಲೇಜು ಸ್ಕಾಲರ್‌ಶಿಪ್ ನಿಲ್ಲಿಸಬಹುದು. ಈ ವರ್ಷದಿಂದ ತಂಡಕ್ಕೆ 105 ಜನ ಅನ್ನೋ ಮಿತಿ ಬೇರೆ ಬಂದಿದೆ. ಅಷ್ಟರಲ್ಲಿ ಕಿಕ್ಕರ್‌ಗಳು ಎಷ್ಟು ಜನ ಇದ್ದಾರು? ಹೆಸರು ಬೀಳುವ ಮುಂಚೆ ಬೇರೆ ಕಾಲೇಜಿನ ಕೋಚ್ ಅವನನ್ನು ಮಾತಾಡಿಸುವ ಹಾಗೂ ಇಲ್ಲವಂತೆ. ಒಳಗೊಳಗೇ ಮಾತುಕತೆ ನಡೆಯುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಅದು ದೊಡ್ಡ ಆಟಗಾರರಿಗೆ. ಇವನು ಮಾತ್ರ ನೀರು ಎಷ್ಟಿದೆ ನೋಡದೆ ಬಾವಿಗೆ ಹಾರಬೇಕು.

ನಾನು ಕಾರ್ಖಾನೆ ಟೀಮಿಗೆ ವಾಲಿಬಾಲ್ ಆಡುತ್ತಿದ್ದದ್ದು ನಿನಗೆ ಗೊತ್ತು. ನನಗೊಂದು ಕರೆ ಬಂದಿತ್ತು ಅನ್ನೋದು ನಿನ್ನ ಅತ್ತೆಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಕೋಲಾರದಲ್ಲಿ ಒಂದು ಹೊನಲು ಬೆಳಕಿನ ಪಂದ್ಯಾವಳಿ. ಆಟ ಮುಗಿದ ಮೇಲೆ ಒಂದು ಬ್ಯಾಂಕಿನ ಟೀಮ್ ಮ್ಯಾನೇಜರ್ ಬಂದು, ನಮ್ಮಲ್ಲಿಗೆ ಬಾ, ಕ್ಲರ್ಕ್ ಕೆಲಸ ಕೊಡಿಸುತ್ತೇನೆ ಅಂದರು. ಕಾರ್ಖಾನೆಯಿಂದ ಎನ್‌ಒಸಿ ಬೇಕಿತ್ತು. ಅರ್ಜಿ ಕೊಟ್ಟೆ. ಮತ್ತೆ ಕೇಳಲು ಹೋದಾಗ ನನ್ನ ಅರ್ಜಿ ಆಫೀಸರ ಮೇಜಿನ ಮೇಲೇ ಇತ್ತು, ಅದರ ಮೇಲೆ ಕಾಫಿ ಲೋಟ. ಎತ್ತಿದಾಗ ನನ್ನ ಸಹಿಯ ಸುತ್ತ ದುಂಡಗೆ ಕಲೆ. "ನೋಡೋಣ ಹೋಗಯ್ಯ" ಅಂದರು. ಸೀಸನ್ ಮುಗಿಯಿತು, ಬ್ಯಾಂಕಿನವರು ಬೇರೆ ಸೆಟ್ಟರ್ ತೆಗೆದುಕೊಂಡರು. ಆಮೇಲೆ ಮಂಡಿ ಹೋಯಿತು. ಅಲ್ಲಿ ಹೇಗೆ ಆಡುತ್ತಿದ್ದೆನೋ ಅಂತ ಈಗಲೂ ಒಮ್ಮೊಮ್ಮೆ ಅನಿಸುತ್ತೆ. ಈ ವಯಸ್ಸಲ್ಲಿ ಅದೆಲ್ಲ ಯಾಕೆ ಅಂತ ನಗಬೇಡ.

ನನಗೆ ಕರೆಯೋರಿದ್ದರು, ಬಿಡೋರಿರಲಿಲ್ಲ. ಅವನನ್ನು ಬಿಡುತ್ತಾರೆ, ಕರೆಯೋರು ಇದ್ದಾರೋ ಇಲ್ಲವೋ. ಯಾವುದು ಜಾಸ್ತಿ ಕಷ್ಟ ಅಂತ ಯೋಚಿಸುತ್ತಾ ಕೂತೆ. ಬೆಂಚ್ ಮೇಲೆ ಕೂತೇ ಇನ್ನೆರಡು ವರ್ಷ ಕಳೆದರೆ ಅವನಿಗೂ ನನ್ನ ಹಾಗೇ ಅನಿಸುತ್ತಲ್ವಾ? ಹಾಗಂತ ಹೋಗು ಅನ್ನೋಕೂ ಬಾಯಿ ಬರುತ್ತಿಲ್ಲ. ಯಾರೂ ಕರೆಯದಿದ್ದರೆ ಅವನ ಮುಖ ನೋಡಬೇಕಾದವಳು ನೀನು.

ನನಗೆ ಅಲ್ಲಿನದು ಅಷ್ಟು ತಿಳಿಯದು, ಆದರೂ ಹೇಳುತ್ತೇನೆ. ಜನವರಿ 2ರಿಂದ 16ರವರೆಗೆ ಮಾತ್ರ ಹೆಸರು ಕೊಡಬಹುದಂತಲ್ಲ, ಅದಕ್ಕೂ ಮುಂಚೆ ಅವನೇ ಹೋಗಿ ಈಗಿನ ಕೋಚನ್ನು ಕೇಳಲಿ: ಮುಂದಿನ ವರ್ಷ ನನ್ನನ್ನು ಆಡಿಸುತ್ತೀರಾ? ನೀನು ಕೇಳಬೇಡ. ಕೋಚ್ ಸುತ್ತಿ ಬಳಸಿ ಮಾತಾಡಿದರೆ ಅದನ್ನೇ ಉತ್ತರ ಅಂದುಕೊಳ್ಳಿ.

ಏಜೆಂಟ್ ಅಂತ ಯಾರಾದರೂ ಬಂದರೆ ಎಷ್ಟು ಪರ್ಸೆಂಟ್ ಅಂತ ಮೊದಲೇ ಕೇಳು. ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಆಟಗಾರರ ಸಂಘ 3 ಪರ್ಸೆಂಟ್ ದಾಟಲು ಬಿಡುವುದಿಲ್ಲ, ಕಾಲೇಜು ಆಟದಲ್ಲಿ ಆ ಕಟ್ಟುಪಾಡಿಲ್ಲ. ಬಾಯಿಮಾತು ನಂಬಬೇಡಿ. 2024ರಲ್ಲಿ ಲಾಸ್ ವೇಗಸ್‌ನ ಯುಎನ್‌ಎಲ್‌ವಿ ತಂಡದ ಕ್ವಾರ್ಟರ್‌ಬ್ಯಾಕ್ ಮೂರು ಪಂದ್ಯ ಆಡಿ ಹೊರಟುಬಿಟ್ಟ. ಹೇಳಿದ್ದ ಒಂದು ಲಕ್ಷ ಡಾಲರ್ ಬರಲಿಲ್ಲ ಅಂತ ಅವನ ಕಡೆಯವರು, ಒಪ್ಪಿದ್ದ ಸ್ಕಾಲರ್‌ಶಿಪ್ ಎಲ್ಲ ಕೊಟ್ಟಿದ್ದೇವೆ ಅಂತ ಕಾಲೇಜಿನವರು. ಅವನಂಥವನ ಗತಿಯೇ ಹಾಗಾದರೆ ನಮ್ಮವನದು ಬಿಡು.

ಇನ್ನೊಂದು. ಕಾಲೇಜು ಬದಲಿಸಿದರೆ ಓದಿದ ಕ್ರೆಡಿಟ್ ಎಲ್ಲಾ ಒಪ್ಪಿಕೊಳ್ಳುತ್ತಾರೆ ಅಂತೇನಿಲ್ಲ. ಯಾರೂ ಕರೆಯದೇ ಹೋದರೂ ಕೈಯಲ್ಲಿ ಉಳಿಯೋದು ಓದೇ ತಾನೇ. ಈಗಿರೋ ಕಾಲೇಜಲ್ಲೇ ಡಿಗ್ರಿಗೆ ಇನ್ನೆಷ್ಟು ಬಾಕಿ, ಸ್ಕಾಲರ್‌ಶಿಪ್ ನಿಂತರೆ ನೀವು ಎಷ್ಟು ಟರ್ಮ್ ಕಟ್ಟಬಲ್ಲಿರಿ ಅಂತ ಅವನನ್ನೂ ಕೂರಿಸಿಕೊಂಡು ಲೆಕ್ಕ ಹಾಕಿ. ನಾನೂ ಸ್ವಲ್ಪ ಕೊಡಬಲ್ಲೆ. ಅಳಿಯಂದಿರಿಗೆ ಈಗಲೇ ಹೇಳಬೇಡ, ಬೇಜಾರು ಮಾಡಿಕೊಂಡಾರು.

ಕೋಚ್ ಏನಂದರು ಅಂತ ಅವತ್ತೇ ಫೋನ್ ಮಾಡು. ನಿಮ್ಮ ರಾತ್ರಿ ಒಂಬತ್ತು ಅಂದರೆ ನಮಗೆ ಬೆಳಗ್ಗೆ, ನಾನು ಎದ್ದಿರುತ್ತೇನೆ.

ಇಂತಿ,
ನಿನ್ನ ಮಾವ