ಮಾನಸಿಕ ಆರೋಗ್ಯ ಕಾನೂನು: ಪತ್ರ ಕಳಿಸುವ ಮೊದಲು ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ಮಾನಸಿಕ ಆರೋಗ್ಯ ಕಾನೂನಿನ ಬಗ್ಗೆ ಸರ್ಕಾರಕ್ಕೆ ಕಳಿಸುವ ನಮ್ಮ ಪತ್ರದಲ್ಲಿ ಸದ್ಯಕ್ಕೆ ಅರ್ಧಕ್ಕಿಂತ ಜಾಸ್ತಿ ಆಸ್ಪತ್ರೆ ಹಾಸಿಗೆಗಳ ಲೆಕ್ಕವೇ ಇದೆ. ಹಾಸಿಗೆ ಬೇಡ ಅಂತಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿ ನೋಡಿ: ಸರ್ಕಾರಗಳು ಆರೋಗ್ಯಕ್ಕೆ ಇಡುವ ದುಡ್ಡಿನಲ್ಲಿ ಮಾನಸಿಕ ಆರೋಗ್ಯದ ಪಾಲು ಸುಮಾರು 2% ಅಷ್ಟೇ, ಮಧ್ಯಮ ಆದಾಯದ ದೇಶಗಳಲ್ಲಂತೂ ಅದರಲ್ಲೂ ಸುಮಾರು 70% ಮಾನಸಿಕ ಆಸ್ಪತ್ರೆಗಳಿಗೇ ಹೋಗುತ್ತದೆ. ಮನೆಗೆ ವಾಪಸ್ ಬಂದವರಿಗೆ ಕೆಲಸ, ಬಾಡಿಗೆ ಮನೆ, ಜೊತೆಗಿರುವ ಜನ ಇದಕ್ಕೆಲ್ಲ ಏನು ಉಳಿಯಿತು?

ಇನ್ನೊಂದು, ಇದು ಸ್ವಲ್ಪ ಸೂಕ್ಷ್ಮ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದ 2008ರಿಂದ ಜಾರಿಯಲ್ಲಿದೆ. ಮನೋಸಾಮಾಜಿಕ ಅಂಗವೈಕಲ್ಯವೂ, ಅಂದರೆ ಮಾನಸಿಕ ಕಾಯಿಲೆ ಇರುವವರಿಗೆ ಸಮಾಜದ ಅಡೆತಡೆಗಳೂ ಸೇರಿ ಬದುಕಿನಲ್ಲಿ ಆಗುವ ತೊಡಕು, ಅದರ ವ್ಯಾಪ್ತಿಗೆ ಬರುತ್ತದೆ. ಅದರ 12ನೇ ವಿಧಿ ಪ್ರಕಾರ ಕಾನೂನಿನ ಮುಂದೆ ಇವರೂ ಎಲ್ಲರ ಹಾಗೇ, ತೀರ್ಮಾನ ತೆಗೆದುಕೊಳ್ಳಲು ನೆರವು ಬೇಕಾದರೆ ಅದನ್ನು ಕೊಡಬೇಕು. ನೆರವು ಕೊಡುವುದು ಬೇರೆ, ಅವರ ಬದಲು ನಾವೇ ಸಹಿ ಹಾಕುವುದು ಬೇರೆ, ಅಲ್ವಾ? ಮನೆಯವರಾಗಿ ನಮಗೆ ಇದು ಕಷ್ಟ ಅನ್ನಿಸಬಹುದು, ನನಗೂ ಮೊದಲು ಅನ್ನಿಸಿತ್ತು.

ಅಂಗವೈಕಲ್ಯ ಪ್ರಮಾಣಪತ್ರದ ಮಾತೂ ಸೇರಿಸೋಣ. ಈ ಕಾಯಿಲೆಗಳು ಒಂದು ತಿಂಗಳು ಸುಮ್ನಿರುತ್ತವೆ, ಮುಂದಿನ ತಿಂಗಳು ಹಾಸಿಗೆಯಿಂದ ಏಳಲೂ ಬಿಡುವುದಿಲ್ಲ. ಚೆನ್ನಾಗಿದ್ದ ದಿನ ಹತ್ತು ನಿಮಿಷ ಮಾತಾಡಿಸಿ ಅಂಗವೈಕಲ್ಯ ಎಷ್ಟು ಅಂತ ಅಂಕ ಹಾಕಿದರೆ ಏನು ಗೊತ್ತಾಗುತ್ತದೆ?

ಚಿಕಿತ್ಸೆ ಪಡೆದ ಅನುಭವ ಇರುವವರು ಮೊದಲು ತಿದ್ದಲಿ, ನಾವು ಉಳಿದವರು ಆಮೇಲೆ. ಗುಂಪಿನಲ್ಲಿ ಬರೆಯಲು ಸಂಕೋಚ ಇದ್ದರೆ ನನಗೆ ಒಬ್ಬನಿಗೇ ಕಳಿಸಿ, ಹೆಸರು ಹಾಕುವುದಿಲ್ಲ. ಭಾನುವಾರ ರಾತ್ರಿಯೊಳಗೆ, ದಯವಿಟ್ಟು.