ಹೊಲಿಗೆ ಒಣಗಿದ ಮೇಲೂ ಬರಬಹುದಾದ ರಕ್ತಸ್ರಾವ

ಸಂಪಾದಕರಿಗೆ,

ಮಾನ್ಯರೇ,

ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ನಿರ್ದೇಶನ ನೀಡಿತು. ಅಲ್ಲಿಂದೀಚೆಗೆ ಅನಗತ್ಯ ಶಸ್ತ್ರಚಿಕಿತ್ಸೆಗಳ ಬಗ್ಗೆ ಚರ್ಚೆ ನಡೆದಿದೆ, ನಡೆಯಬೇಕಾದದ್ದೇ. ಆದರೆ ಗಡ್ಡೆಯಿಂದಲೋ, ಯಾವ ಔಷಧಕ್ಕೂ ಬಗ್ಗದ ಅತಿಸ್ರಾವದಿಂದಲೋ ಈ ಶಸ್ತ್ರಚಿಕಿತ್ಸೆ ನಿಜವಾಗಿಯೂ ಬೇಕಾಗಿ, ಅದನ್ನು ಮಾಡಿಸಿಕೊಂಡು ಊರಿಗೆ ಮರಳಿದ ಹೆಂಗಸಿಗೆ ಮನೆಯಲ್ಲಿ ರಕ್ತಸ್ರಾವ ಶುರುವಾದರೆ ಏನು ಮಾಡಬೇಕೆಂಬುದರ ಕುರಿತು ನಮ್ಮಲ್ಲಿ ಮಾತೇ ಇಲ್ಲ. ತುಮಕೂರು ಜಿಲ್ಲೆಯ ಆಸ್ಪತ್ರೆಗಳ ಸ್ತ್ರೀರೋಗ ವಾರ್ಡುಗಳಲ್ಲಿ ಕೆಲಸ ಮಾಡಿ ನಿವೃತ್ತಳಾದವಳಾಗಿ ಈ ಪತ್ರ ಬರೆಯುತ್ತಿದ್ದೇನೆ.

ಗರ್ಭಕೋಶ ತೆಗೆದ ನಂತರದ ರಕ್ತಸ್ರಾವದ ಭಯ ಎರಡು ಹೊತ್ತಿನಲ್ಲಿ ಹೆಚ್ಚು. ಮೊದಲನೆಯದು ಶಸ್ತ್ರಚಿಕಿತ್ಸೆಯಾದ ಇಪ್ಪತ್ನಾಲ್ಕು ಗಂಟೆಯೊಳಗೆ. ಅರಿವಳಿಕೆಯ ಪ್ರಭಾವ ಇಳಿದು ರಕ್ತದೊತ್ತಡ ಮಾಮೂಲಿಗೆ ಬರುವಾಗ, ಕಟ್ಟಿದ ರಕ್ತನಾಳದ ಗಂಟು ಸಡಿಲವಾಗಿದ್ದರೆ ಅಲ್ಲಿಂದ ರಕ್ತ ಒಸರತೊಡಗುತ್ತದೆ. ಅದು ಹೊರಗೆ ಕಾಣಬೇಕೆಂದೇನೂ ಇಲ್ಲ, ಹೊಟ್ಟೆಯೊಳಗೇ ಒಂದೆರಡು ಲೀಟರ್ ಸೇರಿಕೊಳ್ಳಬಹುದು. ಒಳಗೆ ಸೇರುವ ರಕ್ತ, ದ್ರವ ಹೊರಬರಲೆಂದು ಇಟ್ಟಿರುವ ಡ್ರೈನ್ ಕೊಳವೆಯಲ್ಲಿ ಏನೂ ಬರುತ್ತಿಲ್ಲವೆಂಬುದು ನೆಮ್ಮದಿಗೆ ಕಾರಣವಲ್ಲ, ಅದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋಗಿರಬಹುದು. ಇಲ್ಲಿ ಮೊದಲು ಸುಳಿವು ಕೊಡುವುದು ನಾಡಿ. ಬಿ.ಪಿ. ಸರಿಯಾಗಿದೆಯೆಂದು ಚಾರ್ಟಿನಲ್ಲಿ ಬರೆದುಕೊಂಡು ಮುಂದಿನ ಹಾಸಿಗೆಗೆ ಹೋಗುವ ಅಭ್ಯಾಸ ರಾತ್ರಿ ಪಾಳಿಯಲ್ಲಿ ಎಲ್ಲ ಕಡೆಯೂ ಇದೆ. ಆದರೆ ರಕ್ತದೊತ್ತಡ ಕುಸಿಯುವುದು ತಡವಾಗಿ. ಅದಕ್ಕೂ ಮೊದಲೇ ನಾಡಿ ಎಂಬತ್ತರಿಂದ ನೂರು, ನೂರರಿಂದ ನೂರಿಪ್ಪತ್ತಕ್ಕೆ ಏರಿರುತ್ತದೆ, ಮೂತ್ರ ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆಯಾಗಿರುತ್ತದೆ, ಅಂಗೈ ತಣ್ಣಗಾಗಿ ಬೆವರುತ್ತಿರುತ್ತದೆ. ನಲವತ್ತೈದು ಕೆ.ಜಿ. ತೂಕದ ಹೆಂಗಸಿನ ಮೈಯಲ್ಲಿರುವ ರಕ್ತವೇ ಸುಮಾರು ಮೂರು ಲೀಟರ್. ಅದರಲ್ಲಿ ಒಂದು ಲೀಟರ್ ಹೋದರೆ ಪ್ರಾಣಾಪಾಯ.

ಎರಡನೆಯ ಹೊತ್ತು ಮನೆಗೆ ಹೋದ ಮೇಲಿನದು, ಬಹುಪಾಲು ಒಂದರಿಂದ ಎರಡು ವಾರದ ನಡುವಿನದು. ಗರ್ಭಕೋಶ ತೆಗೆದ ಜಾಗದಲ್ಲಿ ಯೋನಿಯ ಮೇಲ್ತುದಿಯನ್ನು ಹೊಲಿದಿರುತ್ತಾರೆ. ಅಲ್ಲಿ ಸೋಂಕಾದರೆ ಹೊಲಿಗೆ ಬಿಟ್ಟು, ರಕ್ತನಾಳ ತೆರೆದುಕೊಳ್ಳಬಹುದು. ಮೇಲಿನ ಗಾಯ ಒಣಗಿ ಚೆನ್ನಾಗಿ ಕಾಣುತ್ತಿರುವುದರಿಂದ ಮನೆಯವರಿಗೆ ಒಳಗಿನದು ತಿಳಿಯುವುದಿಲ್ಲ. ಕೆಲವು ವಾರಗಳವರೆಗೆ ಅಲ್ಪಸ್ವಲ್ಪ ಕಂದುಬಣ್ಣದ ಕಲೆ ಕಾಣಿಸುವುದು ಸಹಜ. ಆದರೆ ಕೆಂಪು ರಕ್ತ ಹರಿಯುವುದು, ಗಡ್ಡೆಗಡ್ಡೆಯಾಗಿ ಬೀಳುವುದು, ಗಂಟೆಯೊಳಗೆ ಒಂದು ಪ್ಯಾಡ್ ನೆನೆಯುವುದು, ದುರ್ವಾಸನೆ, ಜ್ವರ, ಎದ್ದರೆ ಕಣ್ಣಿಗೆ ಕತ್ತಲೆ ಬರುವುದು ಇವು ಸಹಜವಲ್ಲ. ಅತ್ತೆಯೋ ನೆರೆಮನೆಯವರೋ 'ಕೆಟ್ಟ ರಕ್ತ, ಹೋಗಲಿ ಬಿಡು' ಎಂದು ಸಮಾಧಾನ ಹೇಳುತ್ತಾರೆ, ಕೆಲವರು ಮುಟ್ಟು ಮತ್ತೆ ಶುರುವಾಯಿತೆಂದೇ ತಿಳಿಯುತ್ತಾರೆ. ಗರ್ಭಕೋಶವೇ ಇಲ್ಲದಿರುವಾಗ ಮುಟ್ಟು ಎಲ್ಲಿಂದ ಬಂದೀತು? ಈ ಒಂದು ಮಾತನ್ನು ಡಿಸ್ಚಾರ್ಜ್ ಮಾಡುವಾಗ ಯಾರೂ ಹೇಳಿರುವುದಿಲ್ಲ. ಕೈಗೆ ಕೊಟ್ಟ ಚೀಟಿ ಇಂಗ್ಲಿಷಿನಲ್ಲಿರುತ್ತದೆ, ಮಾತ್ರೆಗಳ ಹೆಸರೂ 'ಒಂದು ವಾರಕ್ಕೆ ಬನ್ನಿ' ಎಂಬುದೂ ಬಿಟ್ಟರೆ ಅದರಲ್ಲಿ ಬೇರೇನೂ ಇರುವುದಿಲ್ಲ. ಮನೆಗೆ ಹೋದ ವಾರದಲ್ಲೇ ಬಿಂದಿಗೆ ಎತ್ತುವವರು, ಕುಕ್ಕರಗಾಲಿನಲ್ಲಿ ಕೂತು ಹಸು ಕರೆಯುವವರು ಎಷ್ಟು ಮಂದಿಯೋ. ಆರು ವಾರ ಭಾರ ಎತ್ತಬಾರದು, ಗಂಡನೊಡನೆ ಸೇರಬಾರದು ಎಂಬುದನ್ನು ಗಂಡನ ಎದುರಿನಲ್ಲೇ ಬಿಡಿಸಿ ಹೇಳಬೇಕು, ಸಂಕೋಚಪಟ್ಟರೆ ಕೆಲಸ ಕೆಡುತ್ತದೆ.

ತಾಲ್ಲೂಕು ಆಸ್ಪತ್ರೆಗೆ ಇಂಥವರು ಬಂದಾಗ ಮಾಡಬಹುದಾದದ್ದು ಬೇಕಾದಷ್ಟಿದೆ. ದಪ್ಪ ಸೂಜಿಯ ಎರಡು ಡ್ರಿಪ್ ಹಾಕುವುದು, ರಕ್ತದ ಗುಂಪು ಮತ್ತು ಹೊಂದಾಣಿಕೆ ಪರೀಕ್ಷೆಗೆ ಮಾದರಿ ತೆಗೆಯುವುದು, ಸೋಂಕಿಗೆ ಆಂಟಿಬಯಾಟಿಕ್, ವೈದ್ಯರ ನಿರ್ಧಾರದ ಮೇಲೆ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲದ ಇಂಜೆಕ್ಷನ್, ಕೆಳಗಿನಿಂದ ರಕ್ತ ಹರಿಯುತ್ತಿದ್ದರೆ ಕ್ರಿಮಿಶುದ್ಧಗೊಳಿಸಿದ ಬಟ್ಟೆಯನ್ನು ಯೋನಿಯೊಳಗೆ ಒತ್ತಾಗಿ ತುಂಬಿ ಪ್ಯಾಕ್ ಮಾಡುವುದು ಇವಕ್ಕೆ ದೊಡ್ಡ ಆಸ್ಪತ್ರೆ ಬೇಕಿಲ್ಲ. ಅಷ್ಟರಿಂದ ನಿಲ್ಲದಿದ್ದರೆ ಮತ್ತೆ ಹೊಲಿಯಬೇಕು, ಇಲ್ಲವೇ ಹೊಟ್ಟೆ ತೆರೆಯಬೇಕು. ಕೊಳವೆ ತೂರಿಸಿ ರಕ್ತನಾಳ ಮುಚ್ಚುವ ಎಂಬೊಲೈಸೇಷನ್ ಸೌಲಭ್ಯವಿರುವುದು ದೊಡ್ಡ ನಗರಗಳಲ್ಲಿ. ಪ್ಯಾಕ್ ಹಾಕದೆ, ಡ್ರಿಪ್ ಹಾಕದೆ, ಮುಂದಿನ ಆಸ್ಪತ್ರೆಗೆ ಫೋನೂ ಮಾಡದೆ 'ತುಮಕೂರಿಗೆ ಕರೆದುಕೊಂಡು ಹೋಗಿ' ಎಂದು ಬರೆದುಕೊಡುವುದು ನನ್ನ ದೃಷ್ಟಿಯಲ್ಲಿ ರೆಫರಲ್ ಅಲ್ಲ, ಕೈತೊಳೆದುಕೊಳ್ಳುವುದು. ಪಾವಗಡದಿಂದ ತುಮಕೂರಿಗೆ ನೂರು ಕಿಲೋಮೀಟರಿನ ಆಸುಪಾಸು ದಾರಿ. 108 ಬೇಗ ಬಂದರೂ ಆ ದಾರಿಯುದ್ದಕ್ಕೂ ರಕ್ತ ಹೋಗುತ್ತಲೇ ಇರುತ್ತದೆ.

ಇನ್ನೊಂದು ವಿಷಯ ರಕ್ತಹೀನತೆಯದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನರು. ವರ್ಷಗಟ್ಟಲೆ ಅತಿಸ್ರಾವದಿಂದ ಬಳಲಿ ಶಸ್ತ್ರಚಿಕಿತ್ಸೆಗೆ ಬರುವವರ ಸ್ಥಿತಿ ಇನ್ನೂ ಕೆಟ್ಟದ್ದು. ತುರ್ತಿಲ್ಲದ ಶಸ್ತ್ರಚಿಕಿತ್ಸೆಯನ್ನು ಕೆಲವು ವಾರ ಮುಂದೂಡಿ, ಕಬ್ಬಿಣಾಂಶದ ಮಾತ್ರೆಯಿಂದಲೋ ಡ್ರಿಪ್ಪಿನಿಂದಲೋ ಹಿಮೋಗ್ಲೋಬಿನ್ ಏರಿಸಿಕೊಂಡರೆ ಮುಂದೆ ರಕ್ತಸ್ರಾವವಾದರೂ ತಡೆದುಕೊಳ್ಳುವ ಶಕ್ತಿ ಇರುತ್ತದೆ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು, ತಾವಾಗಿಯೇ ನಿಲ್ಲಿಸಬಾರದು.

ಜಿಲ್ಲೆಯ ಆರೋಗ್ಯಾಧಿಕಾರಿಗಳಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಗರ್ಭಕೋಶದ ಶಸ್ತ್ರಚಿಕಿತ್ಸೆ ಮಾಡುವ ಪ್ರತಿಯೊಂದು ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಯೂ ಅಪಾಯದ ಲಕ್ಷಣಗಳು, ರಕ್ತದ ಗುಂಪು, ರಾತ್ರಿಯಲ್ಲೂ ಎತ್ತುವ ಒಂದು ಫೋನ್ ನಂಬರ್ ಇರುವ ಕನ್ನಡದ ಚೀಟಿಯನ್ನು ಕಡ್ಡಾಯವಾಗಿ ಕೊಡಲಿ. ತಾಲ್ಲೂಕು ಆಸ್ಪತ್ರೆಗಳ ರಕ್ತ ಶೇಖರಣಾ ಘಟಕಗಳಲ್ಲಿ ಯಾವ ಗುಂಪಿನ ರಕ್ತ ಎಷ್ಟಿದೆಯೆಂಬುದು ಹೆರಿಗೆ ಕೋಣೆಯ ಗೋಡೆಯ ಮೇಲೆ ದಿನವೂ ಬರೆದಿರಲಿ. ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ ಮೂರನೆಯ, ಏಳನೆಯ, ಹದಿನಾಲ್ಕನೆಯ ದಿನ ಹೋಗಿ ಮಗುವನ್ನು ನೋಡಿಬರುವ ಪದ್ಧತಿ ಈಗಾಗಲೇ ಇದೆ. ಗರ್ಭಕೋಶ ತೆಗೆಸಿಕೊಂಡವರ ಮನೆಗೂ ಎರಡನೆಯ ವಾರದಲ್ಲಿ ಒಮ್ಮೆ ಹೋಗಿ ಬರುವಂತೆ ಆದೇಶಿಸಲಿ, ಆ ಭೇಟಿಗೆ ಪ್ರತ್ಯೇಕ ಪ್ರೋತ್ಸಾಹಧನವನ್ನೂ ನಿಗದಿಪಡಿಸಲಿ.

ಇಂತಿ,
ಓರ್ವ ನಿವೃತ್ತ ಶುಶ್ರೂಷಾಧಿಕಾರಿ,
ಮಧುಗಿರಿ, ತುಮಕೂರು ಜಿಲ್ಲೆ